ಜಾತಕದ ಪ್ರೋಗ್ರಾಮಿಗೂ ಒಂದು ಜಾತಕ

ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ನಮ್ಮ ಎಸ್.ಎಸ್. ಬಡಾವಣೆಯ ಬೀದಿಗೆಲ್ಲ ಕಂಪ್ಯೂಟರ್ ಬಲ್ಲ ಮನುಷ್ಯ ಒಬ್ಬನೇ ಒಬ್ಬನಿದ್ದ. ಅದು ನಾನು! ಹತ್ತಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿಕೊಂಡೇ, ಸಂಜೆ ಹೊತ್ತು ಆರು ತಿಂಗಳ ಕೋರ್ಸು ಮುಗಿಸಿದ್ದೆ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ಮನೆಗೆ ಬಂದವರು ಕುರ್ಚಿಯಲ್ಲಿ ಕೂತರೆ ನೇರ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗುಹಾಕಿದ್ದೆ. ಬೀದಿಯಲ್ಲಿ ರೇಡಿಯೋ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು, ಗೋಡೆ ಗಡಿಯಾರ ನಿಂತರೂ ನನ್ನನ್ನೇ ಕರೆಯುತ್ತಿದ್ದರು. ಯಾವುದನ್ನೂ ನಾನು ರಿಪೇರಿ ಮಾಡಿದ್ದಿಲ್ಲ. ಯಾಕೆ ಕೆಟ್ಟಿದೆ ಎನ್ನುವುದನ್ನು ಅರ್ಧ ಗಂಟೆ ವಿವರಿಸಿ, ಕಾಫಿ ಕುಡಿದು ಬರುತ್ತಿದ್ದೆ.

ಇಂಥ ಮಹಾನುಭಾವನ ಕೈಗೆ ನಾದಿನಿಯ ಮದುವೆಯ ಜವಾಬ್ದಾರಿ ಬಿತ್ತು. ನನ್ನ ಹೆಂಡತಿ ಶಾರದಳ ತಂಗಿ ಗಿರಿಜಾ. ಮಾವನವರು ತೀರಿಹೋಗಿ ಬಹಳ ಕಾಲವಾಗಿತ್ತು. ಅತ್ತೆ ಆನೆಕೊಂಡದಲ್ಲಿ ಎಮ್ಮೆ ಕಟ್ಟಿಕೊಂಡು, ಹಾಲು ಮಾರಿ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ್ದರು. ಗಿರಿಜಾಗೆ ಇಪ್ಪತ್ತೇಳು ತುಂಬಿತ್ತು. ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, "ತಿಳಿಸ್ತೀವಿ" ಎಂದು ಹೋಗಿ, ತಿಳಿಸದೇ ಉಳಿದಿದ್ದರು. ಪ್ರತಿ ಸಲವೂ ಅವಳು ಉಟ್ಟಿದ್ದ ಹಸಿರು ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟು, ಏನೂ ಆಗದವಳಂತೆ ಎಮ್ಮೆಗೆ ಹಿಂಡಿ ಕಲೆಸಲು ಹೋಗುತ್ತಿದ್ದಳು.

ಕೊನೆಗೊಂದು ಒಳ್ಳೆಯ ಸಂಬಂಧ ಬಂತು. ಹರಿಹರದ ರುದ್ರಪ್ಪನವರ ಮಗ ಮಂಜುನಾಥ. ಮೂಲ ಕೊಕ್ಕನೂರಿನವರು, ಊರಿನಲ್ಲಿ ಗದ್ದೆ, ಹುಡುಗನಿಗೆ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ. ಹುಡುಗ ಬಂದ, ನೋಡಿದ, ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ! ಅತ್ತೆ ಅವತ್ತೇ ದೇವರಿಗೆ ತುಪ್ಪದ ದೀಪ ಹಚ್ಚಿದರು. ಬಾಕಿ ಉಳಿದದ್ದು ಸಾಲಾವಳಿ ಒಂದೇ. ಹುಡುಗ ಹುಡುಗಿಯ ಜಾತಕ ಕೂಡಿಸಿ, ಮೂವತ್ತಾರು ಗುಣಗಳಲ್ಲಿ ಎಷ್ಟು ಹೊಂದುತ್ತವೆ ಎಂದು ನೋಡುವ ಶಾಸ್ತ್ರ. ಹದಿನೆಂಟು ಬಂದರೆ ಪಾಸು.

"ಅಯ್ನೋರು ಒಬ್ಬೊಬ್ರು ಒಂದೊಂದು ಹೇಳ್ತಾರೆ," ಎಂದರು ರುದ್ರಪ್ಪನವರು. "ದಾವಣಗೆರೆಯಾಗೆ ಕಂಪ್ಯೂಟರ್ ಜಾತಕ ಬಂದೈತಂತಲ್ಲ, ಅದ್ರಾಗೇ ತೆಗಸಿಬಿಡ್ರಿ. ಮಿಷನ್ನಿಗೆ ಯಾರ ದಾಕ್ಷಿಣ್ಯನೂ ಇರಲ್ಲ."

ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಖಲೀಲ್ ಸಾಹೇಬರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮುಂದಿನ ಕೋಣೆಯಲ್ಲಿ ಹುಡುಗರು ಟೈಪ್‌ರೈಟರ್ ಕುಟ್ಟುತ್ತಿದ್ದರು. ಹಿಂದೆ, ಪರದೆಯ ಆಚೆ, ಕಂಪ್ಯೂಟರ್ ವಿರಾಜಮಾನವಾಗಿತ್ತು. ಅದರ ಸನ್ನಿಧಾನಕ್ಕೆ ಚಪ್ಪಲಿ ಬಿಟ್ಟೇ ಹೋಗಬೇಕು. ಕಾಲೇಜಿನ ಲೆಕ್ಚರರ್ ಒಬ್ಬರು ಅವರಿಗೆ ಜಾತಕದ ಪ್ರೋಗ್ರಾಮು ಬರೆದುಕೊಟ್ಟು, ಆಮೇಲೆ ಬೀದರಿನ ಕಡೆ ವರ್ಗವಾಗಿ ಹೋಗಿದ್ದರು.

"ನೋಡ್ರಿ ಸರ್," ಎಂದರು ಖಲೀಲ್ ಸಾಹೇಬರು, "ನಂಗೆ ನಕ್ಷತ್ರನೂ ಗೊತ್ತಿಲ್ಲ, ಕಂಪ್ಯೂಟರೂ ಗೊತ್ತಿಲ್ಲ. ಹೆಸ್ರು, ತಾರೀಕು, ಟೈಮು ಹಾಕಿ ಬಟನ್ ಒತ್ತೋದು ಗೊತ್ತು. ಒಳ್ಳೇದು ಬರ್ಲಿ ಅಂತ ದುವಾ ಮಾಡ್ತೀನಿ. ಹುಡುಗಿ ಹುಟ್ಟಿದ ಟೈಮ್ ಹೇಳ್ರಿ."

"ಬೆಳಿಗ್ಗೆ ಐದು ನಲವತ್ತೇಳು," ಎಂದೆ ಗತ್ತಿನಿಂದ.

ಸಾಹೇಬರು ಬಟನ್ ಒತ್ತಿದರು. ಪ್ರಿಂಟರ್ ಕಿರ್ರೋ ಎಂದು ಕೂಗಿ ಕಾಗದ ಉಗುಳಿತು. ಇಪ್ಪತ್ತಾರೂವರೆ ಗುಣ! "ಉತ್ತಮ" ಎಂದೂ ಬರೆದಿತ್ತು. ಸಾಹೇಬರು ಟೈಪಿಂಗ್ ಹುಡುಗನೊಬ್ಬನ ಕೈಯಲ್ಲಿ ಚಹಾ ತರಿಸಿದರು. ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಮುಂದಿನ ಭಾನುವಾರ ರುದ್ರಪ್ಪನವರು ಮುಖ ಸಣ್ಣಗೆ ಮಾಡಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಇನ್ನೊಂದು ಪ್ರಿಂಟು.

"ನಮ್ಮ ಬಾಮೈದ ಸುಮ್ಕಿರ್ಲಿಲ್ರಿ. ಹರಿಹರದಾಗೂ ಒಂದು ಕಂಪ್ಯೂಟರ್ ಅಂಗಡಿ ಆಗೈತೆ. ಅದೂ ಅದೇ ಲೆಕ್ಚರರ್ ಬರೆದ ಪ್ರೋಗ್ರಾಮೇ ಅಂತೆ. ಅಲ್ಲೂ ತೆಗಸಿಬಿಟ್ಟಾನೆ. ನೋಡ್ರಿ."

ಹನ್ನೊಂದೂವರೆ! ಕೆಳಗೆ ದಪ್ಪಕ್ಷರದಲ್ಲಿ ನಾಡಿ ದೋಷ. ದಾವಣಗೆರೆಯಲ್ಲಿ ಭರಣಿ ನಕ್ಷತ್ರದವಳಾಗಿದ್ದ ಗಿರಿಜಾ ಹರಿಹರದಲ್ಲಿ ಕೃತ್ತಿಕೆಗೆ ಹೋಗಿದ್ದಳು. ದಾವಣಗೆರೆಯಲ್ಲಿ ಮನುಷ್ಯ ಗಣ, ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹರಿಹರದಲ್ಲಿ ರಾಕ್ಷಸ ಗಣ!

"ನಮಗೆ ಹುಡುಗಿ ಮನಸಿಗೆ ಬಂದಾಳೆ," ಎಂದರು ರುದ್ರಪ್ಪನವರು ದನಿ ತಗ್ಗಿಸಿ. "ನೀವು ಕಂಪ್ಯೂಟರ್ ಓದಿದೋರು. ಹರಿಹರದ್ದು ತಪ್ಪು, ದಾವಣಗೆರೆದೇ ಸರಿ ಅಂತ ಒಂದ್ ಮಾತು ಹೇಳಿಬಿಡ್ರಿ. ನಮ್ಮ ಬಾಮೈದನ ಬಾಯಿ ನಾನು ಮುಚ್ಚಿಸ್ತೀನಿ. ಬರೋ ವಾರ ಎಲೆ ಅಡಿಕೆ ಶಾಸ್ತ್ರ ಮಾಡಿ ಮಾತು ಗಟ್ಟಿ ಮಾಡಿಬಿಡಾಣ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಾರದ ನನ್ನ ಕಡೆ ನೋಡಿ ಜೋರಾಗಿ ತಲೆಯಾಡಿಸಿದಳು. "ಹೂಂ ಅನ್ರಿ, ಹೂಂ ಅನ್ರಿ" ಎಂದು ಅವಳ ತಲೆ ಹೇಳುತ್ತಿತ್ತು. ಆದರೆ ನನ್ನ ಕಣ್ಣು ಗೋಡೆಯ ಸರ್ಟಿಫಿಕೇಟಿನ ಮೇಲೆ ಬಿತ್ತು. ಆರು ತಿಂಗಳು ಕಲಿತ ವಿದ್ಯೆ ಒಳಗಿಂದ ಒದ್ದುಕೊಂಡು ಬಂತು.

"ಹಂಗೆ ಬಾಯಿಗೆ ಬಂದಂಗೆ ಹೇಳಾಕೆ ಆಗಲ್ರಿ ರುದ್ರಪ್ಪನೋರೆ," ಎಂದೆ. "ಲೆಕ್ಚರರು ಬರೆದಿದ್ದು ಅಕ್ಕಿ ಇದ್ದಂಗೆ. ಅದನ್ನ ಕಂಪ್ಯೂಟರ್ ಉಣ್ಣೋ ಹಂಗೆ ಬೇಯಿಸಿಕೊಡೋಕೆ ಇನ್ನೊಂದು ಪ್ರೋಗ್ರಾಮು ಬೇಕು. ಅದಕ್ಕೆ ಕಂಪೈಲರ್ ಅಂತಾರೆ. ಅಕ್ಕಿ ಒಂದೇ ಆದ್ರೂ ಪಾತ್ರೆ ಹಳೇ ವರ್ಷನ್ನೋ, ಹೊಸ ವರ್ಷನ್ನೋ ಅನ್ನೋದ್ರ ಮ್ಯಾಲೆ ಅನ್ನ ಬ್ಯಾರೆ ಆಗ್ತದೆ. ಯಾವ ವರ್ಷನ್ನಿಂದ ಕಟ್ಟಿದ್ದು ಅಂತ ಪತ್ತೆ ಹಚ್ಚಿ ನಾನೇ ಹರಿಹರಕ್ಕೆ ಬಂದು ಹೇಳ್ತೀನಿ."

"ಅನ್ನ ಆದ್ರೆ ಸಾಕಲ್ರಿ, ಪಾತ್ರಿ ಸುದ್ದಿ ಯಾಕೆ ಬೇಕು?" ಎಂದರು ಪಾಪ, ರುದ್ರಪ್ಪನವರು.

ನಾನು ನಕ್ಕೆ. ಓದದವರ ಪ್ರಶ್ನೆ ಕೇಳಿ ಓದಿದವರು ನಗುವ ನಗೆ ಅದು. ಅವರು ಹೋದ ಮೇಲೆ ಶಾರದ ಲೋಟ ಎತ್ತಿಕೊಳ್ಳುತ್ತಾ, "ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ಸಂಶೋಧಕರು ಇಂಥ ಮಾತಿಗೆಲ್ಲ ತಲೆ ಕೆಡಿಸಿಕೊಳ್ಳಬಾರದು.

ಮಾರನೇ ದಿನ ಗಿರಣಿಗೆ ರಜೆ ಹಾಕಿ ಖಲೀಲ್ ಸಾಹೇಬರ ಪರದೆಯ ಹಿಂದೆ ಕೂತೆ. ಕಟ್ಟಿದ ಪ್ರೋಗ್ರಾಮಿನ ಹೊಟ್ಟೆಯೊಳಗೆ ಕಂಪೈಲರಿನ ಹೆಸರು, ವರ್ಷನ್ನಿನ ಸಂಖ್ಯೆ ಇದ್ದೇ ಇರುತ್ತವೆ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಬಿಚ್ಚಿ ನೋಡಿದರಾಯಿತು! ಆ ಫೈಲನ್ನು ಸ್ಕ್ರೀನಿನ ಮೇಲೆ ತೋರಿಸು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಅದು ತೋರಿಸಿತು. ನಗುವ ಮುಖಗಳು, ಇಸ್ಪೀಟಿನ ಆಟೀನು, ಕಳಾವರ, ಯಾವ ದೇಶದ್ದೋ ತಿಳಿಯದ ಅಕ್ಷರಗಳು ಪ್ರವಾಹದಂತೆ ಹರಿದವು. ಜೊತೆಗೆ ಕುಯ್ಯಂ, ಕುಯ್ಯಂ ಎಂದು ಕಂಪ್ಯೂಟರ್ ಅಳಲು ಶುರು ಮಾಡಿತು. ಮುಂದಿನ ಕೋಣೆಯ ಟೈಪ್‌ರೈಟರುಗಳೆಲ್ಲ ಒಮ್ಮೆಲೇ ನಿಂತವು.

"ಯಾ ಅಲ್ಲಾ! ಏನ್ ಮಾಡಿದ್ರಿ ಸರ್?" ಎಂದು ಸಾಹೇಬರು ಓಡಿ ಬಂದರು.

"ಏನಿಲ್ಲ, ಒಳಗೆ ನೋಡ್ತಾ ಇದೀನಿ."

"ಒಳಗೆ ಯಾಕೆ ನೋಡ್ತೀರಿ ಸರ್? ಹೊರಗೆ ಚಲೋ ಐತಲ್ಲ!"

ಆ ಗದ್ದಲದ ನಡುವೆಯೂ ನನ್ನ ಹದ್ದಿನ ಕಣ್ಣು ಒಂದು ಸಾಲನ್ನು ಹಿಡಿಯಿತು. ಕಂಪೈಲರಿನ ಹೆಸರು ಇರಬೇಕಾದ ಜಾಗ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಶ್ರೀ ಗಣೇಶಾಯ ನಮಃ, ಶ್ರೀ ಗಣೇಶಾಯ ನಮಃ, ಶ್ರೀ ಗಣೇ" ಎಂದಿತ್ತು. ಜಾಗ ಅಷ್ಟೇ ಇದ್ದದ್ದರಿಂದ ಕೊನೆಯ ಗಣೇಶ ಅರ್ಧಕ್ಕೇ ನಿಂತಿದ್ದ.

"ಓ ಅದಾ," ಎಂದರು ಸಾಹೇಬರು. "ಮೊದ್ಲು ಆನ್ ಮಾಡಿದ್ರೆ ಅಲ್ಲಿ ಯಾವುದೋ ಫಾರಿನ್ ಕಂಪನಿ ಹೆಸರು ಬರ್ತಿತ್ತು. ಜಾತಕ ಅಂದ್ಮ್ಯಾಲೆ ಶ್ರೀಕಾರ ಇರಬ್ಯಾಡವಾ ಅಂತ ಗಿರಾಕಿ ತಕರಾರು ಮಾಡಿದ್ರು. ಲೆಕ್ಚರರ್ ಸಾಬ್ ಅದನ್ನ ಅಳಿಸಿ ಇದನ್ನ ಕೂಡಿಸಿಕೊಟ್ರು. ಆಮೇಲಿಂದ ಬಿಸಿನೆಸ್ ಭಾಳ ಚಲೋ ಆತು."

ವರ್ಷನ್ನಿನ ಸಂಖ್ಯೆಯ ಮೇಲೆ ವಿಘ್ನೇಶ್ವರನೇ ಕೂತಿದ್ದ. ಯಾರಿಗೆ ದೂರು ಕೊಡುವುದು?

ಹೋಗಲಿ, ಪ್ರೋಗ್ರಾಮು ಕಟ್ಟಿದ ತಾರೀಕು ನೋಡೋಣ ಎಂದುಕೊಂಡೆ. ಹೊಸ ವರ್ಷನ್ ಬರುವ ಮೊದಲೇ ಕಟ್ಟಿದ್ದರೆ ಹಳೆಯದೇ ಆಗಿರಬೇಕಲ್ಲ. ನೋಡಿದರೆ ೧೯೮೦ನೇ ಇಸವಿ, ಜನವರಿ ಒಂದು! ಆಗ ದಾವಣಗೆರೆಯಲ್ಲಿ ಈ ಕಂಪ್ಯೂಟರೇ ಇರಲಿಲ್ಲ. ಇನ್ನೊಂದು ಫೈಲು ನೋಡಿದೆ, ಅದೂ ಜನವರಿ ಒಂದು. ಮತ್ತೊಂದು, ಅದೂ! ಆ ಯಂತ್ರಕ್ಕೆ ಸ್ವಂತ ಗಡಿಯಾರ ಇರಲಿಲ್ಲ. ಬೆಳಿಗ್ಗೆ ಆನ್ ಮಾಡಿದಾಗ ಇವತ್ತು ಎಷ್ಟನೇ ತಾರೀಕು ಎಂದು ಕೇಳುತ್ತಿತ್ತು. ಹೇಳದೇ ಎಂಟರ್ ಒತ್ತಿದರೆ ಇದೇ ದಿನ ಎಂದು ತಿಳಿಯುತ್ತಿತ್ತು.

"ದಿನಾ ಕೇಳ್ತದೆ ಸರ್ ಅದು," ಎಂದರು ಸಾಹೇಬರು ಬೇಸರದಿಂದ. "ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾ ಕೂಡ್ರಾಕೆ ಆಗ್ತದಾ? ಎಂಟರ್ ಒತ್ತಿಬಿಡ್ತೀವಿ."

ಜಗತ್ತಿನ ಜಾತಕ ಬರೆಯುವ ಪ್ರೋಗ್ರಾಮಿಗೆ ತನ್ನ ಹುಟ್ಟಿದ ದಿನವೇ ಗೊತ್ತಿರಲಿಲ್ಲ.

ನಾನು ಸೋಲುವವನಲ್ಲ. ಲೆಕ್ಚರರು ಬರೆದ ಮೂಲ ಬರಹ ಕಂಪ್ಯೂಟರಿನಲ್ಲೇ ಇತ್ತು. ನಮ್ಮ ಕೋರ್ಸಿನ ಮೇಷ್ಟ್ರ ಕೈಕಾಲು ಹಿಡಿದು ಹಳೇ ಕಂಪೈಲರ್ ಒಂದು, ಹೊಸ ಕಂಪೈಲರ್ ಒಂದು ಫ್ಲಾಪಿಯಲ್ಲಿ ತಂದೆ. ಎರಡರಲ್ಲೂ ಬೇರೆ ಬೇರೆಯಾಗಿ ಕಟ್ಟುವುದು, ಸಾಹೇಬರ ಅಸಲಿ ಪ್ರೋಗ್ರಾಮಿನ ಜೊತೆ ಹೋಲಿಸುವುದು. ಯಾವುದು ಅಕ್ಷರಕ್ಕೆ ಅಕ್ಷರ ಹೊಂದುತ್ತದೋ ಅದೇ ವರ್ಷನ್. ಎಂಥ ಸರಳ ಉಪಾಯ! ಮೊದಲು ಹೊಸ ಕಂಪೈಲರಿನಲ್ಲಿ ಕಟ್ಟಿದೆ. ಹೊಸ ಫೈಲಿಗೆ ಹೆಸರೇನು ಎಂದು ಕೇಳಿತು. ಹಳೆಯ ಹೆಸರನ್ನೇ ಕೊಟ್ಟೆ. ಅದು ನನ್ನ ಮಾತಿಗೆ ಮರ್ಯಾದೆ ಕೊಟ್ಟು, ಅಸಲಿ ಪ್ರೋಗ್ರಾಮನ್ನು ಅಳಿಸಿ, ಅದರ ಜಾಗದಲ್ಲಿ ನನ್ನದನ್ನು ಕೂಡಿಸಿತು.

ಹೋಲಿಸಲು ಈಗ ಅಸಲಿಯೇ ಇಲ್ಲ!

ಖಲೀಲ್ ಸಾಹೇಬರಿಗೆ ವಿಷಯ ಹೇಳಲೇಬೇಕಾಯಿತು. ಆ ಪ್ರೋಗ್ರಾಮೇ ಅವರ ಹೊಟ್ಟೆಪಾಡು. ಅವರು ಮೇಜಿನ ಖಾನೆಯಿಂದ ಒಂದು ಫ್ಲಾಪಿ ತೆಗೆದರು. "ಲೆಕ್ಚರರ್ ಸಾಬ್ ಇನ್ನೊಂದು ಕಾಪಿ ಇಟ್ಟು ಹೋಗಿದ್ರು. ನಸೀಬು ಇದ್ರೆ ನಡೀತದೆ."

ಫ್ಲಾಪಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಅಂಗೈಯಗಲದ ಕುಂಕುಮ! ಕುಂಕುಮ ಸರಿಯಾಗಿ, ಒಳಗಿನ ಕಪ್ಪು ತಟ್ಟೆ ಕಾಣುವ ಕಿಂಡಿಯ ಮೇಲೇ ಬಿದ್ದಿತ್ತು.

"ಆಯುಧಪೂಜೆಗೆ ಟೈಪಿಂಗ್ ಹುಡುಗ್ರು ಪೂಜೆ ಮಾಡ್ತೀವಿ ಅಂದ್ರು. ಒಳ್ಳೇದಕ್ಕೆ ಮಾಡ್ತಾರೆ, ನಾನ್ಯಾಕೆ ಬ್ಯಾಡ ಅನ್ಲಿ?" ಎಂದರು ಸಾಹೇಬರು.

ಹತ್ತಿಯಲ್ಲಿ ಸ್ಪಿರಿಟ್ ಅದ್ದಿ, ಎಳೆಗೂಸಿನ ಕಣ್ಣು ಒರೆಸುವಂತೆ ಇಬ್ಬರೂ ಕೂತು ಒರೆಸಿದೆವು. ಸಾಹೇಬರು ತುಟಿಯಲ್ಲೇ ಏನೋ ಪಠಿಸುತ್ತಿದ್ದರು, ನಾನೂ ನನ್ನ ಮನೆದೇವರನ್ನು ನೆನೆಯುತ್ತಿದ್ದೆ. ಫ್ಲಾಪಿಯನ್ನು ತೂರಿಸಿದರೆ ಕಂಪ್ಯೂಟರ್ ಕರಕರ ಎಂದು ಹಲ್ಲು ಕಡಿಯಿತು, ತಡೆಯಿತು, ಮತ್ತೆ ಕಡಿಯಿತು. ಕೊನೆಗೆ ಓದಿಬಿಟ್ಟಿತು! ಹೋದ ಜೀವ ಬಂದ ಹಾಗಾಯಿತು.

ಸಂಜೆಯ ಹೊತ್ತಿಗೆ ಘನ ಸಂಶೋಧನೆ ಮುಗಿಯಿತು. ಹಳೇ ಕಂಪೈಲರಿನಲ್ಲಿ ಕಟ್ಟಿದ್ದು ಸಾಹೇಬರ ಅಸಲಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿತು, ಆ ಗಣೇಶನ ಸಾಲೊಂದು ಬಿಟ್ಟು. ಅದರಲ್ಲಿ ಗಿರಿಜಾಗೆ ಇಪ್ಪತ್ತಾರೂವರೆ. ಹೊಸದರಲ್ಲಿ ಕಟ್ಟಿದರೆ ಹರಿಹರದ ಹನ್ನೊಂದೂವರೆ. ಹಳೆಯದು ಚಂದ್ರನ ಲೆಕ್ಕದಲ್ಲಿ ದಶಾಂಶದ ಬಾಲವನ್ನು ಬೇಗ ಕತ್ತರಿಸಿಬಿಡುತ್ತಿತ್ತು, ಹೊಸದು ಇನ್ನೂ ನಾಲ್ಕು ಅಂಕಿ ಉಳಿಸಿಕೊಳ್ಳುತ್ತಿತ್ತು. ಗಿರಿಜಾ ಹುಟ್ಟಿದಾಗ ಚಂದ್ರ ಎರಡು ನಕ್ಷತ್ರಗಳ ಗಡಿಯ ಮೇಲೆ ನಿಂತಿದ್ದ. ಆ ನಾಲ್ಕು ಅಂಕಿ ಅವನನ್ನು ಆಚೆ ದಾಟಿಸಿಬಿಟ್ಟಿದ್ದವು.

"ಸಿಕ್ತು ಸಾಹೇಬ್ರೆ! ಹಳೇ ವರ್ಷನ್ನು!" ಎಂದು ಅವರನ್ನು ಅಪ್ಪಿಕೊಂಡೆ.

"ಅಂದ್ರೆ ಮದುವಿ ಆಗ್ತದಾ ಸರ್?" ಎಂದರು ಅವರು.

"ನಿಲ್ರಿ, ಅದಿರಲಿ," ಎಂದೆ. ಆ ಕ್ಷುಲ್ಲಕ ಪ್ರಶ್ನೆಗೆ ನನ್ನ ಹತ್ತಿರ ಪುರಸೊತ್ತು ಇರಲಿಲ್ಲ.

ಮಾರನೇ ದಿನವೇ ಹರಿಹರದ ಬಸ್ಸು ಹತ್ತಿದೆ. ರುದ್ರಪ್ಪನವರ ಮನೆಯಲ್ಲಿ ಎಲ್ಲರೂ ಸೇರಿದ್ದರು. ಅವರ ಹೆಂಡತಿ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟರು. ಹುಡುಗ ಮಂಜುನಾಥ ಬಾಗಿಲಿಗೆ ಒರಗಿ ನಿಂತಿದ್ದ. ತಕರಾರಿನ ಬಾಮೈದ ಮೂಲೆಯಲ್ಲಿ ಕೂತಿದ್ದ. ನಾನು ಮಿರ್ಚಿ ಕಡಿಯುತ್ತಾ ಅಕ್ಕಿ, ಅನ್ನ, ಪಾತ್ರೆಯಿಂದ ಶುರು ಮಾಡಿ, ಶ್ರೀಕಾರ, ಜನವರಿ ಒಂದು, ಕುಂಕುಮ, ದಶಾಂಶದ ಬಾಲ ಎಲ್ಲವನ್ನೂ ವಿವರಿಸಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಜೀವನದಲ್ಲಿ ಅಂಥ ಸಭೆ ನನಗೆ ಸಿಕ್ಕಿರಲಿಲ್ಲ.

"ಒಟ್ಟಿನಾಗೆ ಏನ್ರಿ? ಯಾವ್ದು ಸರಿ?" ಎಂದರು ರುದ್ರಪ್ಪನವರು ಆಸೆಯಿಂದ.

"ಸಂಶಯವೇ ಬ್ಯಾಡ್ರಿ!" ಎಂದೆ, ಎದೆಯುಬ್ಬಿಸಿ. "ದಾವಣಗೆರೆದು ಹಳೇ ವರ್ಷನ್ನಿಂದ ಕಟ್ಟಿದ್ದು, ಅದು ತಪ್ಪು. ನಿಮ್ಮ ಹರಿಹರದ್ದೇ ಸರಿ!"

ರುದ್ರಪ್ಪನವರ ಹೆಂಡತಿ ನನ್ನ ಮುಂದೆ ಇಡಲು ತಂದಿದ್ದ ಕಾಫಿಯನ್ನು ಕೈಯಲ್ಲೇ ಹಿಡಿದು ನಿಂತರು. ಮಂಜುನಾಥ ಒಳಗೆ ಹೋದ. ಮೂಲೆಯ ಬಾಮೈದ ಮಾತ್ರ ಎದ್ದು ಬಂದು ನನ್ನ ಕೈ ಕುಲುಕಿದ. ಇಡೀ ಮನೆಯಲ್ಲಿ ನನ್ನ ವಿದ್ಯೆಯನ್ನು ಗೌರವಿಸಿದವನು ಅವನೊಬ್ಬನೇ.

ಬಸ್ಸು ಹರಿಹರ ಬಿಟ್ಟು ಎಷ್ಟೋ ದೂರ ಬಂದ ಮೇಲೆ, ನಾನು ಏನು ಮಾಡಿ ಬಂದೆ ಎನ್ನುವುದು ನನ್ನ ತಲೆಗೆ ಇಳಿಯಿತು. ಇಳಿದು ಓಡಿಹೋಗೋಣ ಅನ್ನಿಸಿತು. ಎಲ್ಲಿಗೆ ಓಡುವುದು?

ಮನೆಯಲ್ಲಿ ಶಾರದ ಪೂರ್ತಿ ಕೇಳಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಚಂದ್ರ ಗಡಿ ಮ್ಯಾಲೆ ನಿಂತಿದ್ದ ಅಂತ ಹೆಂಗೆ ಗೊತ್ತಾತು?" ಎಂದಳು.

"ಹುಟ್ಟಿದ ಟೈಮಿನಿಂದ. ಐದು ನಲವತ್ತೇಳು."

"ಅವ್ವ ನಿಮಗೇನು ಹೇಳಿದ್ಲು? ಎಮ್ಮೆ ಹಾಲು ಕರಿಯೋ ಹೊತ್ತಿನಾಗೆ ಹುಟ್ಟಿದ್ಲು ಅಂತ. ನಮ್ಮನೇಲಿ ಗಡಿಯಾರನೇ ಇರಲಿಲ್ಲ. ಐದು ನಲವತ್ತೇಳು ಅಂತ ಹಾಕಿದೋರು ಯಾರು?"

ನಾನೇ! ಹಾಲು ಕರೆಯುವ ಹೊತ್ತನ್ನು ಕಂಪ್ಯೂಟರ್ ಒಪ್ಪುವುದಿಲ್ಲ, ಅಂಕಿ ಬೇಕು. ಐದೂವರೆ ಎಂದರೆ ಅಂದಾಜು ಅನ್ನಿಸುತ್ತದೆ, ಐದು ನಲವತ್ತೈದು ಎಂದರೂ ಅನುಮಾನ ಬರುತ್ತದೆ. ನಲವತ್ತೇಳು ಎಂದರೆ ಯಾರೋ ಗಡಿಯಾರ ಹಿಡಿದು ನಿಂತು ನೋಡಿದ ಹಾಗೆ ಇರುತ್ತದೆ ಎಂದು ಚಂದಕ್ಕೆ ಹಾಕಿದ್ದೆ. ನನ್ನ ಚಂದದ ಎರಡು ನಿಮಿಷದ ಮೇಲೆ ನಾಲ್ಕು ದಶಾಂಶದ ನ್ಯಾಯ ತೀರ್ಮಾನ ಮಾಡಿ ಬಂದಿದ್ದೆ. ಶಾರದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆನೆಕೊಂಡಕ್ಕೆ ಸುದ್ದಿ ಮುಟ್ಟಿಸುವ ಕೆಲಸವೂ ನನ್ನದೇ. ಗಿರಿಜಾ ಹಿತ್ತಲಲ್ಲಿ ಹಿಂಡಿ ಕಲೆಸುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ತಲೆ ಎತ್ತದೆ, "ಭಾವ, ಯಾವ್ದ್ರಾಗೆ ಕಟ್ಟಿದ್ದು ಅಂತ ಎಲ್ಲಾ ಪತ್ತೆ ಮಾಡಿದ್ರಿ. ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಎಂದಳು.

"ಏನು ಕೇಳ್ಬೇಕಿತ್ತಮ್ಮಾ?"

"ನಂಗೆ ಅವ್ರು ಹಿಡಿಸಿದ್ರು."

ಅಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಎಮ್ಮೆಯ ಕಡೆ ಹೋದಳು. ನನಗೆ ಅಲ್ಲಿ ನಿಲ್ಲಲು ಮುಖವಿರಲಿಲ್ಲ.

ಧೈರ್ಯ ಕೂಡಿಸಿಕೊಂಡು ಮತ್ತೆ ಹರಿಹರದ ಬಸ್ಸು ಹತ್ತುವುದಕ್ಕೆ ಮೂರು ವಾರ ಬೇಕಾಯಿತು. ಈ ಸಲ ಮಿರ್ಚಿ ಬರಲಿಲ್ಲ. ಟೈಮು ನಾನೇ ಕಟ್ಟಿ ಹಾಕಿದ್ದು, ಆದ್ದರಿಂದ ಎರಡು ಪ್ರಿಂಟೂ ಸುಳ್ಳು, ದಯವಿಟ್ಟು ಎಲ್ಲಾ ಮರೆತುಬಿಡ್ರಿ ಎಂದು ರುದ್ರಪ್ಪನವರ ಕೈ ಹಿಡಿದುಕೊಂಡೆ.

"ನೋಡ್ರಿ," ಎಂದರು ಅವರು, ಸಿಟ್ಟಿಲ್ಲದೆ. "ಮೊದ್ಲು ಇಪ್ಪತ್ತಾರೂವರೆ ಅಂದ್ರಿ. ಆಮೇಲೆ ಹನ್ನೊಂದೂವರೆನೇ ಖರೆ ಅಂದ್ರಿ. ಈಗ ಎರಡೂ ಸುಳ್ಳು ಅಂತೀರಿ. ನಿಮ್ಮ ಯಾವ ಮಾತು ಹಿಡ್ಕೊಂಡು ನಾವು ಮದುವಿ ಮಾಡಾನ್ರಿ? ನಾಡಿ ದೋಷ ಅಂತ ಕೇಳಿದ್ಮ್ಯಾಲೆ ನಮ್ಮನೆಯಾಕೆ ಊಟ ಬಿಟ್ಲು. ರಾಣೇಬೆನ್ನೂರಿನ ಕಡೆ ಹೆಣ್ಣು ನೋಡಿ, ಮೊನ್ನೆ ಎಲೆ ಅಡಿಕೆ ಆಗಿಬಿಡ್ತು."

"ಅವರ ಜಾತಕ?" ಎಂದು ಕೇಳಿಯೇಬಿಟ್ಟೆ. ಹುಟ್ಟುಗುಣ!

"ಅವರದು ಜಾತಕನೇ ಇಲ್ರಿ. ಹೆಸರಿನ ಮ್ಯಾಲೆ ನೋಡಿಬಿಟ್ವಿ."

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮಂಜುನಾಥ ಸೈಕಲ್ ತುಳಿದುಕೊಂಡು ಬಂದ. ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಇದ್ದ. ಸೈಕಲ್ಲಿನ ಬೆಲ್ಲನ್ನು ಒರೆಸಿದ.

"ನಿಮ್ಮನ್ನ ಒಂದು ಕೇಳ್ಬೇಕಿತ್ತು," ಎಂದ. "ಅವತ್ತು ನಾನು ಬಂದು ಹೋದ್ಮ್ಯಾಲೆ ಅವ್ರು, ಗಿರಿಜಾ ಅವ್ರು, ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?"

"ಇಲ್ಲಪ್ಪ. ಏನೂ ಅಂದಿರಲಿಲ್ಲ," ಎಂದೆ, ಬೇರೆ ಕಡೆ ಎಲೆ ಅಡಿಕೆ ಆದವನ ಮನಸ್ಸು ಯಾಕೆ ಕಲಕುವುದೆಂದು.

"ಹಂಗಾದ್ರೆ ಸರಿ ಬಿಡ್ರಿ," ಎಂದು ಅವನು ಸೈಕಲ್ ತಿರುಗಿಸಿಕೊಂಡು ಹೋದ.

ಬಸ್ಸು ಬಂತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಎಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು! ತಡವರಿಸಲಿಲ್ಲ, ಬೆವರಲಿಲ್ಲ, ಹುಡುಗ ಪೂರ್ತಿ ನಂಬಿಕೊಂಡು ಹೋದ. ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲ ಮನುಷ್ಯ, ಅದನ್ನು ಹೇಳಲೇಬೇಕಾಗಿದ್ದ ದಿನ ಅದೇ ಊರಿನಲ್ಲಿ, ಅದೇ ಜನರ ಮುಂದೆ ಕೂತು, ಯಾರಿಗೂ ಬೇಡವಾಗಿದ್ದ ಸತ್ಯವನ್ನು ಎದೆಯುಬ್ಬಿಸಿ ಹೇಳಿ ಬಂದಿದ್ದ. ಥೂ, ನನ್ನ ಬುದ್ಧಿಗಿಷ್ಟು!